ಅಕ್ಕನ ಆರೈಕೆ

ಮನೋವೈದ್ಯರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿ ಬಟ್ಟೆ ಹೊಲಿಯುವವಳು, ಖಿನ್ನತೆಗೆ ಮಾತ್ರೆ ತಗೊಳ್ತಿದ್ದಾಳೆ ಅನ್ನೋದು ಅವರ ಮಾತಿನಲ್ಲೇ ತಿಳಿಯಿತು.

“ಫ್ಯಾನ್ ಗಾಳಿ ಜಾಸ್ತಿ ಆಯ್ತೇನೇ?”

“ಅಕ್ಕ, ನನಗಿರೋದು ಮನಸ್ಸಿನ ಕಾಯಿಲೆ. ನೆಗಡಿ ಅಲ್ಲ.”

“ಮೆಲ್ಲಗೆ ಮಾತಾಡೇ, ಯಾರಾದ್ರೂ ಕೇಳಿಸ್ಕೋತಾರೆ!”

“ಇಲ್ಲಿ ಕೂತಿರೋರೆಲ್ಲ ಹಲ್ಲುನೋವಿಗೆ ಬಂದಿದಾರಾ?”

ನಾನು ನಗು ತಡೆದುಕೊಂಡು ಗೋಡೆ ನೋಡಿದೆ.

“ಅದಿರಲಿ ಅಕ್ಕ, ಬಟ್ಟೆ ಹೊಲಿಸೋಕೆ ಬಂದವರಿಗೆ ಏನು ಹೇಳಿ ಕಳಿಸ್ತಿದೀಯ?”

“ನೀನು ಊರಲ್ಲಿಲ್ಲ ಅಂತ.”

“ಕಿಟಕೀಲಿ ನಾನೇ ಕಾಣ್ತಿರ್ತೀನಲ್ಲ ಅಕ್ಕ!”

“ನಿನಗೆ ಆಯಾಸ ಆಗಬಾರದು ಅಂತ ಕಣೇ.”

“ಮನೆಯವರೆಲ್ಲ ಕೈಲಾಗದವಳು ಅಂತ ನೋಡ್ತಿದ್ರೆ, ನನಗೂ ಹಾಗೇ ಅನ್ನಿಸೋಕೆ ಶುರುವಾಗುತ್ತೆ. ಡಾಕ್ಟರಿಗೆ ಇದನ್ನೇ ಹೇಳಿದೆ. ಅದಕ್ಕೇ ಇವತ್ತು ನಿನ್ನನ್ನ ಕರೆಸಿರೋದು.”

“ನನ್ನನ್ನಾ? ನನಗೇನಾಗಿದೆ?”

“ಅತಿ ಆರೈಕೆ. ಮಾತ್ರೆ ಇದೆಯೋ ಇಲ್ವೋ ಗೊತ್ತಿಲ್ಲ.”

ಅಕ್ಕ ನಗಲಿಲ್ಲ. “ಮತ್ತೆ ಮೊದಲಿನ ಹಾಗೆ ಹಾಸಿಗೆ ಹಿಡಿದುಬಿಟ್ರೆ ಅಂತ ಭಯ ಕಣೇ.”

ತಂಗಿ ಅಕ್ಕನ ಕಡೆ ತಿರುಗಿ ಕೂತಳು. “ನನಗೂ ಇದೆ. ಅದನ್ನೂ ಒಳಗೆ ಹೇಳೋಣ.”

ನರ್ಸ್ ಬಾಗಿಲು ತೆರೆದು ಇಬ್ಬರನ್ನೂ ಕರೆದರು.

“ನಾಳೆಯಿಂದ ಹೊಲಿಗೆ ಶುರು ಮಾಡ್ತೀನಿ,” ಅಂದಳು ತಂಗಿ, ಏಳುತ್ತಾ. “ಮೊದಲು ನಿನ್ನ ರವಿಕೆ. ಕೆಟ್ಟರೆ ಬಾಯ್ತುಂಬ ಬಯ್ಯಬೇಕು, ಮುಂಚಿನ ಹಾಗೆ.”

“ಬಯ್ತೀನಿ ಬಾರೇ, ಕತ್ತೆ,” ಅಂದಳು ಅಕ್ಕ. ತಂಗಿಯ ಮುಖ ಅರಳಿತು. ಇಬ್ಬರೂ ಒಳಗೆ ಹೋದರು.