ಅವ್ವ ಹೊಲಿದ ಕೌದಿ

ಹಳಿಯಾಳದ ಕೋರ್ಟಿನ ಹೊರಗೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಜ್ಯೂಲಿ ಎಂಬ ಸಿದ್ದಿ ತರುಣಿ, ಅವಳ ಸೋದರಮಾವ ಬಸ್ತ್ಯಾಂವ. ಅವಳ ತಾಯಿ ಲಾರಿ ಬಡಿದು ತೀರಿಕೊಂಡಿದ್ದಳು. ಪರಿಹಾರದ ಕೇಸು ನಡೆದಿತ್ತು.

“ಮಾಮಾ, ಹೋದ ಸಲ ಸಾಕ್ಷಿಕಟ್ಟಿಯೊಳಗ ನಿಂತು ಏನಂದಿ?”

“ನಿಮ್ಮ ಅಕ್ಕ ಏನ್ ಮಾಡ್ತಿದ್ಳು ಅಂತ ವಿಮಾ ವಕೀಲ ಕೇಳಿದಾ. ಏನಿಲ್ರಿ, ಮನ್ಯಾಗ ಇರ್ತಿದ್ಳು ಅಂದೆ.”

“ಅದನ್ನ ಹಿಡಕೊಂಡು ಆಕೀಗೆ ಆದಾಯಾನ ಇಲ್ಲ ಅಂತ ವಾದ ಮಾಡಾಕ ಹತ್ಯಾರ.”

“ಅಕ್ಕನ ದುಡಿಮಿ ಮ್ಯಾಲೆ ಬದುಕಿದೆ ಅಂತ ಮಂದಿ ಮುಂದ ಹೆಂಗ ಹೇಳ್ಲಿ, ಜ್ಯೂಲಿ?”

“ಉಣ್ಣೂ ಮುಂದ ನಾಚಿಕಿ ಇರಲಿಲ್ಲ.”

ಅವನು ತಲೆ ತಗ್ಗಿಸಿದ.

“ಹಳೇ ಸೀರಿ ತುಂಡು ಕೂಡಿಸಿ ತಿಂಗಳಿಗೆ ಎಷ್ಟು ಕೌದಿ ಹೊಲೀತಿದ್ಳು, ಗೊತ್ತೇನು?”

“ದೊಡ್ಡದಾದ್ರ ಒಂದು. ಕೂಸಿನವಾದ್ರ ಮೂರು. ನಾಕೂ ಮೂಲಿಗೆ ಅರಿವಿ ಹೂವು ಹಚ್ಚದ ಒಂದನ್ನೂ ಕೊಟ್ಟಾಕಿ ಅಲ್ಲ.”

“ಇಷ್ಟು ಗೊತ್ತಿದ್ದೂ ಏನಿಲ್ಲ ಅಂದಿ.”

“ಕೆಲವರು ರೊಕ್ಕ ಕೊಡ್ತಿದ್ರು, ಕೆಲವರು ಅಕ್ಕಿ. ಅಕ್ಕಿಗೆ ಯಾರು ರಶೀದಿ ಕೊಡ್ತಾರವ್ವಾ?”

“ರಶೀದಿ ಬ್ಯಾಡ. ಇವತ್ತು ನನ್ನ ಸಾಕ್ಷಿ ಐತಿ. ಅವ್ವ ಹೊಲಿದ ಕೌದೀನ ಸಾಹೇಬರ ಮುಂದ ಹಾಸ್ತೇನಿ. ಏನೂ ಮಾಡದಾಕಿ ಇದನ್ನ ಹೆಂಗ ಹೊಲಿದ್ಳು ಅಂತ ವಕೀಲನ್ನ ಕೇಳ್ತೇನಿ.”

“ತಂದೀಯೇನು? ಎಲ್ಲೈತಿ?”

“ಅದರ ಮ್ಯಾಲೇ ಕುಂತೀಯಲ್ಲ, ಮಾಮಾ.”

ಅವನು ತಟ್ಟನೆ ಎದ್ದ. ಅಷ್ಟರಲ್ಲಿ ಒಳಗಿನಿಂದ ಜ್ಯೂಲಿಯ ಹೆಸರು ಕೂಗಿದರು. ಬಸ್ತ್ಯಾಂವ ಬೆಂಚಿನ ಮೇಲೆ ಮಡಿಸಿಟ್ಟಿದ್ದ ಕೌದಿಯನ್ನು ಅಂಗೈಯಿಂದ ಮೆಲ್ಲಗೆ ಒರೆಸಿ, ಎರಡೂ ಕೈಯಲ್ಲಿ ಎತ್ತಿಕೊಂಡ.

“ನಾ ಹಿಡಕೊಂಡು ನಿಂತಿರ್ತೇನಿ. ನೀ ಹೇಳು,” ಎನ್ನುತ್ತ ಅವಳ ಹಿಂದೆ ಒಳಗೆ ಹೋದ.