ಕಾಲೇಜಿನ ಮನೆತನ ನೋಡಲು ಬಂದವರು

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಆಡಳಿತ ಮಂಡಳಿಯ ಹಿರಿಯರೂ ಆದ ಬಾಳಾಸಾಬ ಅವರೇ, ಮಾನ್ಯ ಪ್ರಾಚಾರ್ಯರೇ, ಇಷ್ಟು ವರ್ಷ ನನ್ನ ಸಿಟ್ಟನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಮುಗಳಖೋಡ ಮತ್ತು ಸುತ್ತಲಿನ ಊರುಗಳಿಂದ ಬಿಸಿಲಲ್ಲಿ ಬಂದ ಪಾಲಕರೇ, ಹಿಂದಿನ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ವಿದ್ಯಾರ್ಥಿ ಮಿತ್ರರೇ, ಸಭಿಕರೇ.

ಅಧ್ಯಕ್ಷರು ತಮ್ಮ ಮಾತಿನಲ್ಲಿ ನನ್ನ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಗೌರಾಬಾಯಿಯವರು ನಾಳೆಯಿಂದ ನಿವೃತ್ತರು, ಮುಂದೆ ಎಲ್ಲಿರುತ್ತಾರೆ ಎಂದರು. ನಿಪ್ಪಾಣಿಯ ಅಣ್ಣನ ಮನೆಗೇ ಹೋಗುತ್ತಾರಲ್ಲವೇ ಎಂದು ಉತ್ತರವನ್ನೂ ತಾವೇ ಕೊಟ್ಟರು. ಪ್ರಶ್ನೆಪತ್ರಿಕೆ ತೆಗೆದವರೇ ಉತ್ತರ ಬರೆಯುವುದು ನಮ್ಮ ಆಡಳಿತ ಮಂಡಳಿಗೆ ಮೊದಲಿನಿಂದಲೂ ರೂಢಿ. ನನ್ನ ಉತ್ತರವನ್ನು ನಾನು ಕೊನೆಗೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಕೆಲಸ ಬಾಕಿ ಇದೆ. ಮುಂದಿನ ತಿಂಗಳು ನಮ್ಮ ‘ಕಾಲೇಜು ನೋಡುವ ದಿನ’. ಪಿಯುಸಿ ಮುಗಿಸಿದ ಮಕ್ಕಳು, ಅವರ ಮನೆಯವರು ಪದವಿ ಕಾಲೇಜು ನೋಡಲು ಬರುತ್ತಾರೆ. ಈ ಸಲ ತಯಾರಿಗೆ ನಾನು ಇರುವುದಿಲ್ಲ. ಹೊಸ ಅಧ್ಯಾಪಕರು ಭಿತ್ತಿಪತ್ರ ಬರೆಸುತ್ತಿದ್ದಾರೆ, ಸ್ಲೈಡ್ ತೋರಿಸುತ್ತಾರಂತೆ, ಬಹಳ ಸಂತೋಷ. ಆದರೆ ಊಟದ ಪಟ್ಟಿಯಲ್ಲಿ ಶಿರಾ ತೆಗೆದು ಬಿಸ್ಕೀಟು ಹಾಕಿದ್ದಾರೆಂದು ಕೇಳಿದೆ. ಶಿರಾ ಯಾಕೆ ಬೇಕು ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಅವರಿಗೆ ಯಾರು ಹೇಳಿದ್ದಾರೆ? ಯಾರೂ ಹೇಳಿಲ್ಲ. ಇವತ್ತು ನಾನು ಹೇಳುತ್ತೇನೆ.

ಇದು ಎಂಬತ್ಮೂರನೆಯ ಇಸವಿಯ ಮಾತು. ಆಗ ನಮ್ಮ ವಿಜ್ಞಾನ ವಿಭಾಗ ಊರ್ಧ್ವಶ್ವಾಸ ಬಿಡುತ್ತಿತ್ತು. ಪಿಯುಸಿ ಸೈನ್ಸ್ ಪಾಸಾದ ಗಂಡುಹುಡುಗರು ಧಾರವಾಡಕ್ಕೋ ಸಾಂಗಲಿಗೋ ಕೊಲ್ಲಾಪುರಕ್ಕೋ ಹೋಗಿಬಿಡುತ್ತಿದ್ದರು. ಹೆಣ್ಣುಹುಡುಗಿಯರು ಮನೆಯಲ್ಲಿ ಕೂಡುತ್ತಿದ್ದರು. ಆ ವರ್ಷವೂ ಮಕ್ಕಳು ಬರದಿದ್ದರೆ ಬಿ.ಎಸ್ಸಿ. ಮುಚ್ಚಿ ಎಂದು ವಿಶ್ವವಿದ್ಯಾಲಯದಿಂದ ಬಂದವರು ಹೇಳಿ ಹೋದರು. ವಿಭಾಗ ಮುಚ್ಚಿದರೆ ಪ್ರಾಣಿಶಾಸ್ತ್ರ ಕಲಿಸುವ ಬಾಯಿಗೆ, ಅಂದರೆ ನನಗೆ, ಇಲ್ಲಿ ಏನು ಕೆಲಸ? ನಾನು ನಿಪ್ಪಾಣಿಗೆ ಮರಳಬೇಕಿತ್ತು. ಅಲ್ಲಿ ಅಣ್ಣನ ತಂಬಾಕಿನ ಕೋಣೆಯ ಮೇಲೊಂದು ಅಟ್ಟ. ಅಣ್ಣ ಒಳ್ಳೆಯವನು, ಅವನ ಹೆಂಡತಿ ನಮ್ಮ ವೈನಿಯೂ ಒಳ್ಳೆಯವಳು. ಆದರೆ ಒಳ್ಳೆಯವರ ಮನೆಯ ಅಟ್ಟವಾದರೂ ಅದು ಅಟ್ಟವೇ. ಆಗ ನನಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ.

ಆಗಿನ ಪ್ರಾಚಾರ್ಯರು ವಿರುಪಾಕ್ಷಪ್ಪ ಸರ್, ದಾವಣಗೆರೆ ಕಡೆಯವರು. ಅವರೊಂದು ಉಪಾಯ ತೆಗೆದರು. ಹುಡುಗಿಯರನ್ನು ಒಂದು ದಿನ ಕರೆಸೋಣ, ಪ್ರಯೋಗಾಲಯ ತೋರಿಸೋಣ, ಒಮ್ಮೆ ನೋಡಿದರೆ ಅವರಿಗೇ ಆಸೆ ಹುಟ್ಟುತ್ತದೆ ಎಂದರು. ಸಿಬ್ಬಂದಿಯಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ತಯಾರಿ ನನ್ನ ಕೊರಳಿಗೆ ಬಿತ್ತು. ನಮ್ಮ ಪ್ರಯೋಗಾಲಯದ ಸಹಾಯಕ ಲಾಲಸಾಬ ಜೀಪಿನಲ್ಲಿ ಧ್ವನಿವರ್ಧಕದ ಭೋಂಗಾ ಕಟ್ಟಿಕೊಂಡು ಅಲಖನೂರು, ಮುಗಳಖೋಡ, ರಾಯಬಾಗದವರೆಗೆ ಸಾರಿ ಬಂದ. ನಿಮ್ಮ ಹೆಣ್ಣುಮಕ್ಕಳ ಮುಂದಿನ ಓದಿಗೆ ನಮ್ಮ ಕಾಲೇಜು ನೋಡಲು ಬನ್ನಿ ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ.

ತಯಾರಿ ಎಂದರೆ ತಯಾರಿ, ಸಭಿಕರೇ. ಗೋಡೆಗೆ ಸುಣ್ಣ, ಕಿಟಕಿಗೆ ಪರದೆ. ಕಪ್ಪೆಯ ಬಾಟಲಿ, ಹಾವಿನ ಬಾಟಲಿ, ಎಲ್ಲಕ್ಕೂ ಹೊಸ ಚೀಟಿ. ಬೆಳಿಗ್ಗೆ ನಾನು ಪ್ರಯೋಗಾಲಯಕ್ಕೆ ಹೋಗಿ ನೋಡುತ್ತೇನೆ, ನಮ್ಮ ಅಸ್ಥಿಪಂಜರ ಬಿಳಿ ಧೋತರ ಉಟ್ಟುಕೊಂಡು ನಿಂತಿದೆ. ಲಾಲಸಾಬನನ್ನು ಕರೆದು ಇದೇನೆಂದು ಕೇಳಿದೆ. “ಹೆಣ್ಣಮಕ್ಕಳು ಬರ್ತಾರ್ರಿ ಬಾಯಾರ. ಇವನ್ನ ಹಂಗ ನಿಂದ್ರಸೂದು ಬರೋಬರಿ ಅಲ್ಲ” ಎಂದ. ಆ ಧೋತರ ಅವನದೇ. ಎಷ್ಟು ಹೇಳಿದರೂ ಬಿಚ್ಚಲಿಲ್ಲ.

ಇನ್ನು ಶಿರಾ. ಬಂದ ಮಕ್ಕಳಿಗೆ ತಿನ್ನಲು ಏನಾದರೂ ಬೇಕಲ್ಲ, ಶಿರಾ ಮಾಡಿಸಿ ಎಂದರು ಸರ್. ಸಭಿಕರೇ, ನನಗೆ ಶಿರಾ ಆಗುತ್ತಿರಲಿಲ್ಲ. ಹೊಟ್ಟೆಗಲ್ಲ, ಮನಸ್ಸಿಗೆ. ನಿಪ್ಪಾಣಿಯ ನಮ್ಮ ಮನೆಯಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗೆಲ್ಲ ನನ್ನ ಅವ್ವ ಶಿರಾ ಮಾಡುತ್ತಿದ್ದಳು. ತುಪ್ಪದಲ್ಲಿ ರವೆ ಹುರಿದ ವಾಸನೆ ಬಂತೆಂದರೆ ನನಗೆ ತಿಳಿಯುತ್ತಿತ್ತು, ಇವತ್ತು ಸೀರೆ ಬದಲಿಸಬೇಕು. ಬಂದವರು ಶಿರಾ ತಿಂದರು, ಚಹಾ ಕುಡಿದರು, ನೋಡಿದರು, ಹೋದರು. ಇನ್ನೊಬ್ಬರು ಬಂದರು, ತಿಂದರು, ಹೋದರು. ಹುಡುಗಿ ಬಹಳ ಕಲಿತಾಳ ಎಂದರು ಕೆಲವರು. ಬಣ್ಣ ಕಡಿಮೆ ಎಂದರು ಕೆಲವರು. ಹೆಚ್ಚಿನವರು ಏನೂ ಅನ್ನಲಿಲ್ಲ. ಅವ್ವ ಮಾತ್ರ ಪಾತ್ರೆ ತೊಳೆಯುತ್ತ, ಶಿರಾದಲ್ಲಿ ಸಕ್ಕರೆ ಕಡಿಮೆ ಆಗಿತ್ತೇನೋ ಎನ್ನುತ್ತಿದ್ದಳು. ಕೊನೆಯವರೆಗೂ ಅವಳು ತಪ್ಪು ಸಕ್ಕರೆಯದೇ ಎಂದು ತಿಳಿದಿದ್ದಳು, ಅಥವಾ ನನಗಾಗಿ ಹಾಗೆ ಅನ್ನುತ್ತಿದ್ದಳು.

ಇದನ್ನೆಲ್ಲ ಹೇಳಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ಮುಂದೆ ಹೋಗೋಣ.

ಆ ದಿನ ಟ್ರ್ಯಾಕ್ಟರುಗಳು ಬಂದವು, ಚಕ್ಕಡಿಗಳು ಬಂದವು. ವಿರುಪಾಕ್ಷಪ್ಪ ಸರ್ ಗುಲಾಬಿ ಹಿಡಿದು ಬಾಗಿಲಲ್ಲಿ ನಿಂತರು. ಟ್ರೇಲರಿನಿಂದ ತಲೆಗೆ ಪಟಕಾ ಸುತ್ತಿದ ಅಜ್ಜಂದಿರು ಇಳಿದರು, ಸೋದರಮಾವಂದಿರು ಇಳಿದರು, ಸೆರಗು ಹೊದ್ದ ತಾಯಂದಿರು ಇಳಿದರು. ಟ್ರೇಲರು ಖಾಲಿಯಾಯಿತು. ಹುಡುಗಿಯರು? ಒಬ್ಬಳೂ ಇಲ್ಲ. ಕಾಲೇಜು ಕಲಿಯುವ ವಯಸ್ಸಿನವರು ಅಲ್ಲಿ ಯಾರೂ ಇರಲಿಲ್ಲ, ಸರ್ ಕೈಯಲ್ಲಿ ಗುಲಾಬಿ ಹಾಗೆಯೇ ಉಳಿದವು.

ನಾನು ಮುಂದೆ ಹೋಗಿ, ಮಕ್ಕಳನ್ನೇಕೆ ಕರೆತರಲಿಲ್ಲ ಎಂದು ಕೇಳಿದೆ. ಅಲಖನೂರಿನಿಂದ ಬಂದ ಕಾಳವ್ವ ಎಂಬ ಹಿರಿಯಳು ಗುಂಪಿಗೆ ಮುಂದಾಳಾಗಿದ್ದಳು. ಅವಳ ಮೊಮ್ಮಗಳು ಕೆಂಪವ್ವ ಆ ವರ್ಷ ನಮ್ಮ ಕಡೆಯ ಹುಡುಗಿಯರಲ್ಲೆಲ್ಲ ಹೆಚ್ಚು ಅಂಕ ತೆಗೆದಿದ್ದಳು. ಕೆಂಪವ್ವ ಬಂದರೆ ಉಳಿದವರೂ ಬರುತ್ತಾರೆ, ಅವಳು ಬಾರದಿದ್ದರೆ ಯಾರೂ ಇಲ್ಲ, ಇದು ನಮಗೆಲ್ಲ ಗೊತ್ತಿತ್ತು. ಕಾಳವ್ವ ನನ್ನನ್ನು ಕರುಣೆಯಿಂದ ನೋಡಿದಳು. “ಮನಿತನ ನೋಡಾಕ ಹೋಗೂವಾಗ ಹುಡುಗೀನ ಯಾರ ಕರಕೊಂಡ ಹೊಕ್ಕಾರ್ರಿ ಬಾಯಾರ? ಮೊದಲ ನಾವು ಹಿರ್ಯಾರು ನೋಡಬೇಕು” ಎಂದಳು.

ನೋಡಿದರು. ಹೇಗೆ ನೋಡಿದರು ಎನ್ನುತ್ತೀರಿ? ನಾವು ಸುಣ್ಣ ಹಚ್ಚಿದ್ದನ್ನು ನೋಡಲಿಲ್ಲ, ಸೂಕ್ಷ್ಮದರ್ಶಕವನ್ನು ನೋಡಲಿಲ್ಲ. ಬಾವಿಗೆ ಹೋಗಿ ನೀರು ಸೇದಿ ರುಚಿ ನೋಡಿದರು. ಹೆಣ್ಣುಮಕ್ಕಳ ಪಾಯಖಾನೆ ಎಲ್ಲಿದೆ, ಅದಕ್ಕೆ ಒಳಗಿನಿಂದ ಚಿಲಕ ಇದೆಯೇ ಎಂದು ಹಾಕಿ ತೆಗೆದು ನೋಡಿದರು. ಬುತ್ತಿ ಉಣ್ಣಲು ನೆರಳು ಎಲ್ಲಿ, ಬಸ್ಸು ತಪ್ಪಿದರೆ ಹುಡುಗಿ ಯಾರ ಮನೆಯಲ್ಲಿ ಕೂಡಬೇಕು ಎಂದು ಕೇಳಿದರು. ಸರ್ ವಿಶ್ವವಿದ್ಯಾಲಯದ ಪಠ್ಯಕ್ರಮ ವಿವರಿಸಲು ಹೋದರು. ಒಬ್ಬ ಅಜ್ಜ ಅದನ್ನೆಲ್ಲ ತಾಳ್ಮೆಯಿಂದ ಕೇಳಿ, ನೀವು ಯಾವ ಕಡೆಯವರು, ಮಕ್ಕಳೆಷ್ಟು ಎಂದು ಕೇಳಿದ. ಧೋತರ ಉಟ್ಟ ಅಸ್ಥಿಪಂಜರದ ಮುಂದೆ ಮಾತ್ರ ಎಲ್ಲರೂ ನಿಂತು ಕೈಮುಗಿದರು.

ಆಮೇಲೆ ಶಿರಾ ಬಡಿಸಿದೆವು. ಯಾರೂ ಮುಟ್ಟಲಿಲ್ಲ. ಚಹಾ ಕೊಟ್ಟೆವು. ಅದನ್ನೂ ಮುಟ್ಟಲಿಲ್ಲ. ನೀರು ಮಾತ್ರ ಕುಡಿದು ಎಲೆಯ ಮುಂದೆ ಸುಮ್ಮನೆ ಕುಳಿತರು. ಸರ್ ಅವರಿಗೆ ಅವಮಾನವಾಯಿತು. ಲಾಲಸಾಬ ನನ್ನ ಹತ್ತಿರ ಬಂದು, ಒಪ್ಪಿಗೆಯಾಗುವ ಮೊದಲು ಹೆಣ್ಣು ಕೊಡುವವರು ಆ ಮನೆಯಲ್ಲಿ ಬಾಯಿ ಸಿಹಿ ಮಾಡುವುದಿಲ್ಲ, ಸಿಹಿ ತಿಂದರೆ ಮಾತು ಕೊಟ್ಟ ಹಾಗೆ ಎಂದು ಮೆಲ್ಲಗೆ ಹೇಳಿದ.

ನಿಪ್ಪಾಣಿಯವಳಾದ ನನಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಗೊತ್ತಿರಬೇಕು? ಹುಡುಗಿ ಒಪ್ಪಿಗೆಯಾದ ಮೇಲಲ್ಲವೇ ಅವಳ ಕಡೆಯವರು ಗಂಡಿನ ಮನೆತನ ನೋಡಲು ಹೋಗುವುದು? ನಮ್ಮ ಮನೆಯಲ್ಲಿ ಮಾತು ಒಮ್ಮೆಯೂ ಅಲ್ಲಿಯವರೆಗೆ ಹೋಗಲಿಲ್ಲ. ನಮ್ಮವರು ಯಾರ ಮನೆಯನ್ನೂ ನೋಡಲು ಹೋಗಲಿಲ್ಲ. ಅವತ್ತು ಮೊದಲ ಸಲ ನಾನು ಗಂಡಿನ ಕಡೆಯವಳಾಗಿ ನಿಂತಿದ್ದೆ. ಆದರೆ ಎಲೆಯ ಮೇಲೆ ಆರುತ್ತಿದ್ದ ಶಿರಾ ನೋಡಿ ನನಗೆ ಹಳೆಯದೆಲ್ಲ ನೆನಪಾಯಿತು. ತಿಂದು ಹೋದವರೂ ನನ್ನನ್ನು ಬೇಡ ಎಂದರು, ಇವರು ತಿನ್ನದೆಯೇ ಬೇಡ ಎನ್ನುತ್ತಿದ್ದಾರೆ ಎನಿಸಿತು. ಪ್ರಯೋಗಾಲಯಕ್ಕೆ ಹೋಗಿ ಸುಮ್ಮನೆ ಬಾಟಲಿ ಒರೆಸುತ್ತ ನಿಂತೆ.

ಕಾಳವ್ವ ಹಿಂದೆಯೇ ಬಂದಳು. ಬಾಗಿಲು ಮುಂದೆ ಮಾಡಿದಳು. ಗಂಡ ಎಲ್ಲಿರುತ್ತಾರೆ ಎಂದು ಕೇಳಿದಳು. ಮದುವೆಯಾಗಿಲ್ಲ ಎಂದೆ. ಯಾಕೆ ಎಂದಳು. ಎಷ್ಟೋ ಮಂದಿ ಬಂದು ನೋಡಿ ಹೋದರು, ಯಾರೂ ಒಪ್ಪಲಿಲ್ಲ, ಆಮೇಲೆ ಬರುವುದನ್ನೂ ಬಿಟ್ಟರು ಎಂದೆ. ಇಷ್ಟು ನೇರವಾಗಿ ನಾನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಅವಳು ಟ್ರ್ಯಾಕ್ಟರು ಹತ್ತಿ ಬಂದದ್ದೇ ಯಾವ ಮಾತಿಗಾಗಿಯೋ ಆ ಮಾತು ಕೇಳಿದಳು.

“ನಮ್ಮ ಹುಡುಗೀನೂ ಓದಿ ಓದಿ ನಿಮ್ಮಂಗ ಉಳದ್ರ, ಹೆಂಗ ಯವ್ವಾ?”

ಸಭಿಕರೇ, ನಾನು ಭಾಷಣದಲ್ಲಿ ಯಾವತ್ತೂ ಸೋತವಳಲ್ಲ. ಸ್ತ್ರೀ ಶಿಕ್ಷಣದ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲೆ, ಮಾತಾಡಿದ್ದೇನೆ, ನಿಮ್ಮಲ್ಲಿ ಕೆಲವರು ನಿದ್ದೆ ಮಾಡಿದ್ದೀರಿ. ಅವತ್ತು ಆ ಭಾಷಣ ತೆಗೆಯಲಿಲ್ಲ. ಹಾಗೇನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಅದು ನನಗೆ ಹೇಗೆ ಗೊತ್ತು? ನನಗೆ ಆಗಿತ್ತಲ್ಲ. ನನಗೆ ತಿಳಿದದ್ದು ಒಂದೇ ಇತ್ತು, ಅದನ್ನು ಹೇಳಿದೆ.

“ಹಂಗ ಉಳದ್ರೂ ಆಕಿ ಒಬ್ಬಾಕಿ ಆಗೂದಿಲ್ರಿ, ಆಯಿ. ನಾ ಇರ್ತೀನಿ.”

ಕಾಳವ್ವ ನನ್ನ ಮುಖ ನೋಡಿದಳು. ಗಂಡಿನ ಕಡೆಯವರು ನೋಡುತ್ತಿದ್ದ ಹಾಗೆ ಅಲ್ಲ. ಬಣ್ಣ ನೋಡಲಿಲ್ಲ, ಎತ್ತರ ನೋಡಲಿಲ್ಲ. ಮೊಮ್ಮಗಳನ್ನು ಇವಳ ಕೈಯಲ್ಲಿ ಕೊಡಬಹುದೇ ಎಂದು ನೋಡಿದಳು. ನೋಡಿ ಹೊರಗೆ ಹೋದಳು. ನಾನು ಹೊರಗೆ ಬರುವ ಹೊತ್ತಿಗೆ ಎಲೆಯ ಮುಂದೆ ಕುಳಿತಿದ್ದಳು. “ಶಿರಾ ಆರಿ ಹೋಗೇತಿ, ಬಿಸಿ ಮಾಡಿ ತರ್ರಿ” ಎಂದಳು.

ಲಾಲಸಾಬ ಓಡಿದ ಓಟ ಇನ್ನೂ ನನ್ನ ಕಣ್ಣ ಮುಂದಿದೆ. ಬಿಸಿ ಶಿರಾ ಬಂತು. ಕಾಳವ್ವ ಮೊದಲ ತುತ್ತನ್ನು ತಾನು ತಿನ್ನಲಿಲ್ಲ, ನನ್ನ ಬಾಯಲ್ಲಿಟ್ಟಳು. ಇನ್ನು ಮೇಲೆ ನಾವೂ ನೀವೂ ಬೀಗರು ಎಂದಳು. ಆಮೇಲೆ ಎಲ್ಲರೂ ತಿಂದರು. ನಾನೂ ತಿಂದೆ, ಅಳುತ್ತ ತಿಂದೆ. ಸಕ್ಕರೆ ಬರೋಬರಿ ಇತ್ತು. ಅವ್ವ ಇದ್ದಿದ್ದರೆ ಎನಿಸಿತು.

ಜೂನ್ ತಿಂಗಳಲ್ಲಿ ಕೆಂಪವ್ವ ಬಂದಳು. ಅವಳ ಹಿಂದೆ ಉಳಿದ ಹುಡುಗಿಯರು ಬಂದರು. ವಿಭಾಗ ಉಳಿಯಿತು. ಬಸ್ಸು ತಪ್ಪಿದ ದಿನ ಅವರೆಲ್ಲ ನನ್ನ ಬಾಡಿಗೆ ಮನೆಯಲ್ಲಿ ಮಲಗಿದರು, ನನ್ನ ಹಾಸಿಗೆಯನ್ನೂ ಕಸಿದುಕೊಂಡರು. ಕಾಳವ್ವ ಬದುಕಿರುವವರೆಗೂ ಪಂಚಮಿಗೆ ತಪ್ಪದೆ ಶೇಂಗಾ ಉಂಡಿ ಕಟ್ಟಿಕೊಂಡು ಬರುತ್ತಿದ್ದಳು. ನಮ್ಮ ಬೀಗತಿ ಎಲ್ಲಿ ಎಂದು ಕಾಲೇಜಿನ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಳು. ಪಾಠ ನಿಲ್ಲಿಸಿ ನಾನು ಹೋಗುತ್ತಿದ್ದೆ. ಅದಕ್ಕೆ ಯಾವ ಪ್ರಾಚಾರ್ಯರೂ ಅಡ್ಡಿ ಮಾಡಲಿಲ್ಲ. ಕೆಂಪವ್ವ ಓದಿದಳು, ರಾಯಬಾಗದಲ್ಲಿ ವಿಜ್ಞಾನ ಕಲಿಸುತ್ತಾಳೆ, ಮದುವೆಯೂ ಆಯಿತು. ಆಗದಿದ್ದರೂ ನಾನು ಇರುತ್ತಿದ್ದೆ.

ಆದ್ದರಿಂದ ಹೊಸ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಸ್ಲೈಡ್ ತೋರಿಸಿ, ಭಿತ್ತಿಪತ್ರ ಹಚ್ಚಿ. ಆದರೆ ಪಾಯಖಾನೆಯ ಚಿಲಕವನ್ನು ಮೊದಲು ನೋಡಿ. ಬಂದ ಹಿರಿಯರು ಏನು ಕೇಳಿದರೂ ಸಿಟ್ಟಾಗಬೇಡಿ, ಅವರು ನಿಮಗೆ ಮಗಳನ್ನು ಕೊಡಲು ಬಂದವರು. ಶಿರಾ ಮಾಡಿಸಿ. ಆರಿದರೆ ಮತ್ತೆ ಬಿಸಿ ಮಾಡಿ.

ಈಗ ಅಧ್ಯಕ್ಷರ ಪ್ರಶ್ನೆ. ಗೌರಾಬಾಯಿ ಎಲ್ಲಿರುತ್ತಾಳೆ?

ಕಳೆದ ರವಿವಾರ ಕೆಂಪವ್ವ ಗಂಡನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಿದ್ದಳು. ರಾಯಬಾಗದ ಅವರ ಮನೆಗೆ ಹೊಸದಾಗಿ ಒಂದು ಖೋಲಿ ಕಟ್ಟಿಸಿದ್ದಾರೆ, ಅದು ನನಗೆ ಎಂದಳು. ಆಗುವುದಿಲ್ಲ ಎಂದೆ, ಅಣ್ಣ ಇದ್ದಾನೆ ಎಂದೆ, ಏನೇನೋ ಹೇಳಿದೆ. ಅವಳು ವಾದ ಮಾಡಲಿಲ್ಲ. “ಈಗ ಏನೂ ಹೇಳಬ್ಯಾಡ್ರಿ ಬಾಯಾರ. ಮೊದಲ ಬಂದು ಮನಿ ನೋಡ್ರಿ” ಎಂದಳು.

ಹೋದೆ. ಯಾರ ಮನೆಯನ್ನೂ ನೋಡಲು ಹೋಗದಿದ್ದ ನಮ್ಮ ಕಡೆಯಿಂದ ನಾನೇ ಹೋದೆ. ನಳದ ನೀರು ಕುಡಿದು ನೋಡಿದೆ. ಖೋಲಿಯ ಬಾಗಿಲಿಗೆ ಒಳಗಿನಿಂದ ಚಿಲಕ ಇತ್ತು, ಹಾಕಿ ತೆಗೆದು ನೋಡಿದೆ. ಕಿಟಕಿಯ ಹತ್ತಿರ ಓದಲು ಬೆಳಕಿತ್ತು. ಕೆಂಪವ್ವ ನನ್ನ ಹಿಂದೆಯೇ ತಿರುಗುತ್ತಿದ್ದಳು. ಆಮೇಲೆ ಒಳಗಿನಿಂದ ತಾಟು ತಂದು ನನ್ನ ಮುಂದಿಟ್ಟು, ಗೋಡೆಗೆ ಆತು ನಿಂತಳು. ಎದುರಿನವರು ತಿನ್ನುತ್ತಾರೋ ಇಲ್ಲವೋ ಎಂದು ಹಾಗೆ ನಿಲ್ಲುವುದು ಎಂಥದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಧ್ಯಕ್ಷರೇ, ಶಿರಾ ಆರಲು ನಾನು ಬಿಡಲಿಲ್ಲ.

ಹಾರ ಹಾಕಿದ ಕೈಗಳಿಗೆ, ಬೆಂಚು ಹೊತ್ತ ಹುಡುಗರಿಗೆ, ಅಸ್ಥಿಪಂಜರದ ಧೋತರ ಬಿಚ್ಚಲು ಇನ್ನೂ ಒಪ್ಪದ ಲಾಲಸಾಬನಿಗೆ, ಇಷ್ಟು ಹೊತ್ತು ಗಡಿಯಾರ ನೋಡುವುದನ್ನು ಮರೆತ ಹಿಂದಿನ ಸಾಲಿಗೆ, ನಿಮಗೆಲ್ಲರಿಗೂ ನಾನು ಋಣಿ. ಇನ್ನು ಹೋಗಿ ಬರುತ್ತೇನೆ. ನಮಸ್ಕಾರ.