ಒಳಗೆ ಯಾರಾದ್ರೂ ಇದ್ರೆ

ಏಯ್, ನಗೋದಾದ್ರೆ ಎದ್ದು ಹೋಗಿ. ಇದು ಯಾರೋ ಹೇಳಿದ ಕತೆಯಲ್ಲ, ನನ್ನ ಸ್ವಂತ ಚಿಕ್ಕಪ್ಪನ ಮಗನಿಗೆ ಆಗಿದ್ದು. ಗಡಿಬಿಡಿ ಅಂತ ಕರೀತೀವಲ್ಲ, ಅವನಿಗೇ.

ಲಿಫ್ಟನ್ನ ಕಂಪ್ಯೂಟರ್ ಒಳಗೇ ಓಡಿಸಿ, ಬೀಳಿಸಿ ನೋಡೋದು ಅವನ ಕೆಲಸ. ಹಗ್ಗ, ಗಾಲಿ, ವೇಗ… ಎಲ್ಲ ಬರೀ ಲೆಕ್ಕ. ಓಟ ಮುಗಿದ ಮೇಲೆ ಏನಾಗಬೇಕು ಅನ್ನೋದನ್ನೂ ಮೊದಲೇ ಬರೆದಿಡ್ತಾರೆ. ಹಗ್ಗ ಹರಿದಿದ್ರೆ ಕೆಂಪು ದೀಪ ಹಾಕು, ಗಟ್ಟಿ ನಿಂತಿದ್ರೆ ಸುಮ್ಮನಿರು… ಹೀಗೆ. ಕಾಲ್‌ಬ್ಯಾಕ್ ಅಂತಾರಂತೆ. ಈ ಪುಣ್ಯಾತ್ಮ ತಮಾಷೆಗೆ ಇನ್ನೊಂದು ಸೇರಿಸಿದ್ದ: "ಒಳಗೆ ಯಾರಾದ್ರೂ ಇದ್ರೆ ನನಗೆ ಫೋನ್ ಮಾಡು." ಲೆಕ್ಕದ ಲಿಫ್ಟಲ್ಲಿ ಯಾರಿರ್ತಾರೆ ಹೇಳಿ? ಅದನ್ನ ಅಳಿಸಬೇಕಿತ್ತು, ಮರೆತ.

ಆ ಲೆಕ್ಕದ ಪ್ರಕಾರ ಮಾಡಿದ ನಿಜವಾದ ಲಿಫ್ಟನ್ನ ಅವನ ತಂಗಿಯ ಆಸ್ಪತ್ರೇಲಿ ಆಗಲೇ ಕೂರಿಸಿದ್ರು. ಗಟ್ಟಿಯಾಗಿದೆ ಅಂತ ಸಹಿ ಹಾಕಿದವನೂ ಇವನೇ. ತಂಗಿ ಅಲ್ಲಿ ನರ್ಸು, ತುಂಬು ಬಸುರಿ. ಸಮಾಧಾನಕ್ಕೆ ಅಂತ ಅವತ್ತು ಕಂಪ್ಯೂಟರಲ್ಲಿ ಇನ್ನೊಂದು ಸಲ ಓಟಕ್ಕೆ ಹಚ್ಚಿ, ಮನೆ ಕಡೆ ಹೊರಟ.

ಹಾಳುಬಾವಿ ಹತ್ರ ಬಂದಿದ್ದಾನೆ… ಫೋನ್ ರಿಂಗಾಯ್ತು. ಆಫೀಸಿನ ಕಂಪ್ಯೂಟರ್ ನಂಬರು.

ಕಿವಿಗಿಟ್ಟ. ಮೊದಲು ಕಿರ್ರ್… ಅಂತ ತಂತಿ ಬಿಗಿದ ಸದ್ದು. ಆಮೇಲೆ ಟಿಣ್… ಟಿಣ್… ಒಂದೊಂದೇ ಎಳೆ ಹರಿದ ಹಾಗೆ. ಆಮೇಲೆ, ತೀರಾ ಹತ್ತಿರದಿಂದ, ಪಿಸುಮಾತು.

"ಅಣ್ಣಾ… ಬಾಗಿಲು ತೆಗಿಯೋ."

ತಂಗಿ ದನಿ! ಇವನ ಜೀವ ಬಾಯಿಗೆ ಬಂತು. ಆ ಕಾಲ್ ಕಟ್ ಮಾಡಿ ಅವಳಿಗೆ ಫೋನ್ ಹಚ್ಚಿದ.

"ಎಲ್ಲಿದ್ದೀಯೇ?"

"ಲಿಫ್ಟ್ ಮುಂದೆ. ಬಾಗಿಲು ತೆಗೀತು, ಇಡ್ತೀನಿ…"

"ಹತ್ತಬೇಡ! ನನ್ನಾಣೆ!"

"ಕಾಲು ಊದಿದೆ ಕಣೋ, ಮೆಟ್ಟಿಲು ಇಳಿಯೋಕಾಗಲ್ಲ."

"ತೆವಳ್ಕೊಂಡಾದ್ರೂ ಇಳಿ, ಮಾರಾಯ್ತಿ! ಹತ್ತಬೇಡ."

ಅವಳು ಗೊಣಗ್ತಾ ಹಿಂದೆ ಸರಿದಳು. ಬಾಗಿಲು ಮುಚ್ಚಿಕೊಳ್ತು. ಲಿಫ್ಟ್ ಖಾಲೀನೇ ಹೊರಟಿತು… ಟಿಣ್. ಟಿಣ್. ಧಡ್! ಕಟ್ಟಡವೇ ಅದುರಿತಂತೆ.

ಸುದ್ದಿ ಕೇಳಿ ನಾನೂ ಎದ್ದೆನೋ ಬಿದ್ದೆನೋ ಅಂತ ಓಡಿದ್ದೆ. ಮೆಕ್ಯಾನಿಕ್ ಬಾಗಿಲು ಮೀಟಿ ತೆಗೆದ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಣ್ಣ ತಂಗಿ ತಬ್ಕೊಂಡು ಅತ್ತಿದ್ದೇ ಅತ್ತಿದ್ದು.

ಆದ್ರೆ ಒಳಗೆ ಎಷ್ಟು ತೂಕ ಹತ್ತಿದೆ ಅಂತ ತೋರಿಸೋ ಪುಟ್ಟ ಪರದೆ ಇರುತ್ತಲ್ಲ, ಅದಿನ್ನೂ ಉರೀತಿತ್ತು. ಸೊನ್ನೆ ಇರಬೇಕಿತ್ತು. ಅರವತ್ತೆಂಟು ಕೆಜಿ ಅಂತಿತ್ತು. ತಂಗಿ ಅದನ್ನ ನೋಡಿದವಳೇ ಗಪ್ಪನೆ ಅಳು ನಿಲ್ಲಿಸಿದಳು. ಬೆಳಿಗ್ಗೆಯಷ್ಟೇ ಡಾಕ್ಟರು ಅವಳ ತೂಕ ನೋಡಿದ್ರು… ಅಷ್ಟೇ ಇತ್ತಂತೆ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಆ ಪರದೆ ನಾನು ಕಣ್ಣಾರೆ ನೋಡಿದೀನಿ.